ಟ್ರಿಪ್ಟೊಫಾನ್ ಲೆಕ್ಕ: ಜೋಳದ ರೊಟ್ಟಿಯಿಂದ ಟಿಬಿ ಮಾತ್ರೆವರೆಗೆ

"ರಾತ್ರಿ ಹಾಲು ಕುಡಿದು ಮಲಗಿ, ಅದರಲ್ಲಿ ಟ್ರಿಪ್ಟೊಫಾನ್ ಇದೆ, ಚೆನ್ನಾಗಿ ನಿದ್ದೆ ಬರುತ್ತೆ." ಈ ಮಾತು ಹೇಳದ ರೀಲ್ಸ್ ಡಾಕ್ಟರ್ ಯಾರಾದ್ರೂ ಇದ್ದರೆ ತೋರಿಸಿ. ಟ್ರಿಪ್ಟೊಫಾನ್ ಅಂದ್ರೆ ಒಂದು ಅಮೈನೋ ಆಮ್ಲ, ಪ್ರೋಟೀನ್ ಕಟ್ಟೋ ಇಟ್ಟಿಗೆಗಳಲ್ಲಿ ಒಂದು. ಆ ಮಾತು ಪೂರ್ತಿ ಸುಳ್ಳೇನಲ್ಲ. ನಿದ್ದೆಗೂ ಮನಸ್ಸಿನ ಹದಕ್ಕೂ ಬೇಕಾದ ಸೆರೊಟೋನಿನ್ ತಯಾರಾಗೋದು ಟ್ರಿಪ್ಟೊಫಾನ್‌ನಿಂದಲೇ. ಆದರೆ ತಿಂದದ್ದರಲ್ಲಿ ಆ ಕೆಲಸಕ್ಕೆ ಹೋಗೋದು ಶೇಕಡಾ 1-2 ಅಷ್ಟೇ. ಅದರಲ್ಲೂ ಬಹುಪಾಲು ಸೆರೊಟೋನಿನ್ ಹುಟ್ಟೋದು ಕರುಳಲ್ಲಿ, ಅದು ಮಿದುಳಿನೊಳಗೆ ದಾಟಲ್ಲ. ಟ್ರಿಪ್ಟೊಫಾನ್ ದಾಟುತ್ತೆ, ನಿಜ, ಆದರೆ ಅದೇ ಹಾಲಿನ ಪ್ರೋಟೀನ್‌ನಲ್ಲಿರೋ ಲ್ಯೂಸಿನ್, ವ್ಯಾಲಿನ್, ಟೈರೋಸಿನ್ ಅನ್ನೋ ಬೇರೆ ಅಮೈನೋ ಆಮ್ಲಗಳೂ ಅದೇ ಬಾಗಿಲಲ್ಲಿ ನುಗ್ಗುತ್ತಿರುತ್ತವೆ, ಜಾತ್ರೆ ದಿನ ಬಸ್ ಹತ್ತಿದ ಹಾಗೆ.

ಹಾಗಾದ್ರೆ ಉಳಿದದ್ದು ಎಲ್ಲಿ ಹೋಗುತ್ತೆ? ನನಗೆ ಕುತೂಹಲ ಇರೋದೇ ಅಲ್ಲಿ.

ಟ್ರಿಪ್ಟೊಫಾನ್‌ ಅನ್ನು ನಮ್ಮ ದೇಹ ತಯಾರಿಸಲ್ಲ, ಊಟದಿಂದಲೇ ಬರಬೇಕು. ದೊಡ್ಡವರಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ ಸುಮಾರು 4 ಮಿಲಿಗ್ರಾಂ ಸಾಕು. ಸ್ವಲ್ಪ ಹೊಸ ಪ್ರೋಟೀನ್ ಕಟ್ಟೋಕೆ ಬಳಕೆಯಾಗುತ್ತೆ. ಒಡೆದುಹೋಗೋ ಪಾಲಿನಲ್ಲಿ ಶೇಕಡಾ 90ಕ್ಕೂ ಜಾಸ್ತಿ ಕೈನುರೆನಿನ್ ಅನ್ನೋ ದಾರಿ ಹಿಡಿಯುತ್ತೆ, ಮುಖ್ಯವಾಗಿ ಲಿವರ್‌ನಲ್ಲಿ. ಆ ದಾರಿಯಲ್ಲಿ ಹೋದದ್ದು ಬಹುತೇಕ ಸುಟ್ಟುಹೋಗುತ್ತೆ, ಸಣ್ಣದೊಂದು ಭಾಗ ಮಾತ್ರ ನಯಾಸಿನ್‌ನ ಕೆಲಸ ಮಾಡೋ ವಸ್ತುವಾಗುತ್ತೆ. ನಯಾಸಿನ್ ಅಂದ್ರೆ ವಿಟಮಿನ್ ಬಿ3. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫಾನ್ ಖರ್ಚಾದರೆ 1 ಮಿಲಿಗ್ರಾಂ ನಯಾಸಿನ್ ಕೈಗೆ ಬರುತ್ತೆ. ದುಬಾರಿ ಬಾಬತ್ತು! ಆದರೂ ಊಟದಲ್ಲಿ ನಯಾಸಿನ್ ಕಡಿಮೆ ಇದ್ದಾಗ ಕೈಹಿಡಿಯೋದು ಇದೇ.

ಎರಡೂ ಇಲ್ಲದಿದ್ದಾಗ ಬರೋದು ಪೆಲಗ್ರಾ. ಬಿಸಿಲು ಬೀಳೋ ಕಡೆಯಲ್ಲೆಲ್ಲ ಚರ್ಮ ಕಪ್ಪಾಗಿ, ಒರಟಾಗಿ, ಬಿರುಕು ಬಿಡುತ್ತೆ. ಮುಂಗೈ, ಪಾದ, ಕುತ್ತಿಗೆ. ಅಂಗಿಯ ತೋಳು ಮುಚ್ಚಿದ್ದ ಜಾಗದಲ್ಲಿ ಗೆರೆ ಎಳೆದ ಹಾಗೆ ನಿಂತುಬಿಡುತ್ತೆ, ಕುತ್ತಿಗೆ ಸುತ್ತ ಹಾರದ ಹಾಗೆ ಪಟ್ಟಿ. ಆಮೇಲೆ ಭೇದಿ, ಮರೆವು, ಗೊಂದಲ, ಕೊನೆಗೆ ಸಾವು. 1735ರಲ್ಲಿ ಸ್ಪೇನ್‌ನ ವೈದ್ಯ ಗ್ಯಾಸ್ಪರ್ ಕಸಾಲ್ ಮೆಕ್ಕೆಜೋಳವನ್ನೇ ನಂಬಿದ್ದ ಬಡವರಲ್ಲಿ ಇದನ್ನು ಗುರುತಿಸಿದರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದು ಸೋಂಕು ರೋಗ ಅಂತಲೇ ಹಲವರು ಹಠ ಹಿಡಿದಿದ್ದರು. ಅಲ್ಲಿನ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ 1916ರಲ್ಲಿ ರೋಗಿಗಳ ರಕ್ತ ಚುಚ್ಚಿಸಿಕೊಂಡು, ಅವರ ಚರ್ಮದ ಹೊಟ್ಟು, ಮಲ ಮೂತ್ರವನ್ನೂ ಹಿಟ್ಟಿನಲ್ಲಿ ಕಲಸಿ ನುಂಗಿ, ಏನೂ ಆಗಲ್ಲ ಅಂತ ತೋರಿಸಿದರು. ಹೆಂಡತಿಯೂ ರಕ್ತ ಚುಚ್ಚಿಸಿಕೊಂಡರು. ಮನೆಮಂದಿಯೆಲ್ಲ ಹೀಗಿದ್ದರೆ ವಿಜ್ಞಾನ ಬೆಳೆಯದೆ ಇನ್ನೇನು.

ಕಥೆ ನಮ್ಮ ಕಡೆಗೂ ಬರುತ್ತೆ. ದಖ್ಖನ್‌ನಲ್ಲಿ ಪೆಲಗ್ರಾ ಕಾಣಿಸಿದ್ದು ಮೆಕ್ಕೆಜೋಳ ತಿನ್ನೋರಲ್ಲಿ ಅಲ್ಲ, ಬಿಳಿಜೋಳ ತಿನ್ನೋರಲ್ಲಿ. ಬಿಳಿಜೋಳದಲ್ಲಿ ಟ್ರಿಪ್ಟೊಫಾನ್ ಮೆಕ್ಕೆಜೋಳದಷ್ಟು ಕಡಿಮೆ ಇಲ್ಲ, ಹಾಗಾಗಿ ಇದು ಒಗಟಾಗಿತ್ತು. 1960ರಲ್ಲಿ ಹೈದರಾಬಾದಿನ ಪೋಷಣಾ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಬೆರಳು ತೋರಿಸಿದ್ದು ಲ್ಯೂಸಿನ್ ಕಡೆಗೆ. ಜೋಳದಲ್ಲಿ ಅದು ಜಾಸ್ತಿ, ಅದು ಟ್ರಿಪ್ಟೊಫಾನ್ ನಯಾಸಿನ್ ಆಗೋ ದಾರಿಯನ್ನು ಕೆಡಿಸುತ್ತೆ ಅನ್ನೋದು ಅವರ ವಾದ. ಬೇರೆ ಕಡೆಯ ಕೆಲವು ಪ್ರಯೋಗಗಳಲ್ಲಿ ಅದು ಹೊಂದಿಕೆಯಾಗಲಿಲ್ಲ, ವಾದ ಮುಂದುವರಿಯಿತು.

ಇದನ್ನು ಓದಿ ರೊಟ್ಟಿ ಬಿಡಬೇಡಿ ಮಾರಾಯ್ರೆ. ರೊಟ್ಟಿ ಪಕ್ಕದಲ್ಲಿ ಶೇಂಗಾ ಹಿಂಡಿ, ಮಡಕಿಕಾಳಿನ ಪಲ್ಯ, ಗಟ್ಟಿ ಮೊಸರು ಇದ್ದರೆ ಮುಗೀತು: ಶೇಂಗಾದಲ್ಲೇ ಬೇಕಾದಷ್ಟು ನಯಾಸಿನ್ ಇದೆ. ಕಾಯಿಲೆ ಬಿದ್ದಿದ್ದು ಮೂರು ಹೊತ್ತೂ ಬರೀ ರೊಟ್ಟಿ, ಖಾರ ತಿಂದು ಬಿಸಿಲಲ್ಲಿ ದುಡಿದ ಕೂಲಿಯವರು. ನನ್ನ ಕೇಳಿದರೆ ತಪ್ಪು ಜೋಳದ್ದಲ್ಲ, ಕೂಲಿಯದ್ದು.

ಊಟ ಸರಿ ಇದ್ದೂ ಈ ಲೆಕ್ಕ ತಪ್ಪಬಹುದು. ಕಾರ್ಸಿನಾಯ್ಡ್ ಅನ್ನೋ ಗೆಡ್ಡೆ ಇದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಟ್ರಿಪ್ಟೊಫಾನ್ ಸೆರೊಟೋನಿನ್ ಕಡೆಗೇ ಹರಿದುಹೋಗಬಹುದು. ಮುಖ ಕೆಂಪಾಗುತ್ತೆ, ಭೇದಿ ನಿಲ್ಲಲ್ಲ, ಜೊತೆಗೆ ಪೆಲಗ್ರಾ. ಹಾರ್ಟ್‌ನಪ್ ಕಾಯಿಲೆಯಲ್ಲಿ ಹುಟ್ಟಿನಿಂದಲೇ ಕರುಳೂ ಕಿಡ್ನಿಯೂ ಟ್ರಿಪ್ಟೊಫಾನ್ ಅನ್ನು ಸರಿಯಾಗಿ ಹೀರಿಕೊಳ್ಳಲ್ಲ. ಸೋಂಕು ಬಂದಾಗಂತೂ ದೇಹ ಬೇಕಂತಲೇ ಇದನ್ನು ಒಡೆದು ಖಾಲಿ ಮಾಡುತ್ತೆ, ಒಳಹೊಕ್ಕ ಕ್ರಿಮಿಗೆ ಸಿಗದಿರಲಿ ಅಂತ.

ನಮ್ಮೂರುಗಳಲ್ಲಿ ಈಗ ಎಚ್ಚರ ಬೇಕಾದ್ದು ಕುಡಿತದವರ ಬಗ್ಗೆ, ಟಿಬಿ ಮಾತ್ರೆ ತಗೊಳ್ಳೋರ ಬಗ್ಗೆ. ಕೈನುರೆನಿನ್ ದಾರಿ ಮುಂದೆ ಸಾಗೋಕೆ ವಿಟಮಿನ್ ಬಿ6 ಬೇಕು, ಟಿಬಿಯ ಔಷಧಿ ಐಸೋನಿಯಾಜಿಡ್ ಅದಕ್ಕೇ ಕತ್ತರಿ ಹಾಕುತ್ತೆ. ಅದರ ಜೊತೆ ಬಿ6 ಮಾತ್ರೆ ಕೊಡೋದು ಮುಖ್ಯವಾಗಿ ನರಗಳಿಗೆ ತೊಂದರೆ ಆಗದಿರಲಿ ಅಂತ, ಆದರೆ ಇಲ್ಲೂ ಅದು ಕೆಲಸಕ್ಕೆ ಬರುತ್ತೆ. ಸುಮ್ನೆ ಪಕ್ಕಕ್ಕಿಡಬೇಡಿ. ಮನೆಯಲ್ಲಿ ಕುಡಿಯೋರು ಯಾರಿಗಾದ್ರೂ ಎರಡೂ ಮುಂಗೈ ಒಂದೇ ಥರ ಕಪ್ಪಾಗಿ ಸುಲಿಯುತ್ತಿದ್ದರೆ, ಜೊತೆಗೆ ಭೇದಿಯೂ ಇದ್ದರೆ, ಬರೀ ಮುಲಾಮು ಹಚ್ಚಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಔಷಧಿ ನಿಕೋಟಿನಮೈಡ್, ಅಂದ್ರೆ ವಿಟಮಿನ್ ಬಿ3ಯದೇ ಒಂದು ರೂಪ, ಅಗ್ಗದ ಮಾತ್ರೆ. ಭೇದಿ, ಗೊಂದಲ ಕೆಲವೇ ದಿನಗಳಲ್ಲಿ ತಗ್ಗುತ್ತೆ, ಚರ್ಮಕ್ಕೆ ಮಾತ್ರ ವಾರಗಟ್ಟಲೆ ಬೇಕು.