ಸಮ್ಮರ್ರಾ, ಫಾಲಾ?

ಮೈಸೂರಲ್ಲಿ ಗೊತ್ತಿರೋರ ಮನೆಯ ಮಕ್ಕಳು ಅಮೆರಿಕಕ್ಕೆ ಓದೋಕೆ ಹೊರಟರೆ ನನಗೊಂದು ಫೋನು ಬರುತ್ತೆ. ನಾನು ಅಲ್ಲಿ ಎಂ.ಎಸ್., ಅಂದ್ರೆ ಮಾಸ್ಟರ್ಸ್ ಡಿಗ್ರಿ, ಮಾಡಿ ಬಂದವಳು ಅಂತ. ಪ್ರಶ್ನೆ ಒಂದೇ: ಮೇ-ಜೂನ್‌ನ ಸಮ್ಮರ್ ಟರ್ಮ್‌ಗೆ ಸೇರೋದಾ, ಆಗಸ್ಟ್‌ನ ಫಾಲ್‌ಗೆ ಸೇರೋದಾ?

ಫಾಲ್‌ಗೆ ಸೇರಿ. ನಿಮ್ಮ ಡಿಪಾರ್ಟ್‌ಮೆಂಟೇ ಹೊಸ ಬ್ಯಾಚನ್ನು ಸಮ್ಮರ್‌ನಲ್ಲಿ ಶುರು ಮಾಡುತ್ತೆ ಅಂದ್ರೆ ಮಾತ್ರ ಆಗ ಹೋಗಿ. ಎಷ್ಟೋ ಕಡೆ ಎಂ.ಎಸ್.ಗೆ ಸಮ್ಮರ್ ಅಡ್ಮಿಷನ್ನೇ ಇರೋದಿಲ್ಲ, ಅದನ್ನು ಮೊದಲು ನೋಡಿಕೊಳ್ಳಿ.

ಇಷ್ಟು ಹೇಳಿದ್ರೂ ಬಿಡೋದಿಲ್ಲ. "ಸಮ್ಮರ್‌ಗೆ ಹೋದ್ರೆ ಮೂರು ತಿಂಗಳು ಉಳಿಯುತ್ತಲ್ವಾ?" ಎಲ್ಲಿ ಉಳಿಯುತ್ತೆ? ಫಾಲ್‌ನಲ್ಲಿ 15-16 ವಾರ ಹರಡಿಕೊಂಡಿರೋ ಪಾಠವನ್ನೇ ಸಮ್ಮರ್‌ನಲ್ಲಿ ಎಂಟೋ ಹತ್ತೋ ವಾರಕ್ಕೆ ತುರುಕಿರುತ್ತಾರೆ. ಎಫ್-1 ಅನ್ನೋ ವಿದ್ಯಾರ್ಥಿ ವೀಸಾದಲ್ಲಿ ಹೋದವರ ಮೊದಲ ಟರ್ಮೇ ಸಮ್ಮರ್ ಆದ್ರೆ ಪೂರ್ತಿ ಕೋರ್ಸ್ ಲೋಡ್ ತಗೊಳ್ಳಲೇಬೇಕು. ಹಳೇ ವಿದ್ಯಾರ್ಥಿಗಳಿಗೆ ಸಿಗೋ ರಜೆ ಅವರಿಗಿಲ್ಲ. ಫೀಸಿಗೆ ಆಸರೆಯಾಗೋ ಟಿ.ಎ. (ಟೀಚಿಂಗ್ ಅಸಿಸ್ಟೆಂಟ್, ಅಂದ್ರೆ ಪ್ರೊಫೆಸರ್‌ಗೆ ಪಾಠದಲ್ಲಿ ನೆರವಾಗೋ) ಕೆಲಸಗಳನ್ನು ಹಂಚೋದು ಜಾಸ್ತಿ ಫಾಲ್‌ಗೇ. ಇನ್ನು ಇಲ್ಲಿ ಎಂಜಿನಿಯರಿಂಗ್ ಕೊನೇ ಸೆಮಿಸ್ಟರ್ ಮುಗಿಸಿ ಮಾರ್ಕ್ಸ್ ಕಾರ್ಡ್ ಕೈಗೆ ಬರೋದು ಯಾವಾಗ, ನೀವೇ ಹೇಳಿ.

ಮಂಡ್ಯದಲ್ಲಿ ಒಂದು ಮದುವೆಗೆ ಹೋಗಿದ್ದೆ. ಎಲೆಗೆ ಒಬ್ಬಟ್ಟು ಬಿದ್ದಿತ್ತು, ತುಪ್ಪ ಬಡಿಸೋನು ಇನ್ನೂ ಎರಡು ಎಲೆ ಆಚೆ ಇದ್ದ. ಪಕ್ಕದಲ್ಲಿ ಕೂತಿದ್ದ ದೂರದ ಸಂಬಂಧದ ದೊಡ್ಡಪ್ಪ ಶುರು ಮಾಡಿದರು. "ಒಂದೇ ಮಾತಲ್ಲಿ ಹೇಳ್ಬುಡವ್ವ, ಸಮ್ಮರ್ರೋ ಫಾಲೋ? ಬೇಗ ಹೋದ್ರೆ ಬೇಗ ಕೆಲ್ಸ ಸಿಕ್ತದಂತೆ." ಹೋಗಬೇಕಾದ ಮಗ ಅವರ ಆ ಕಡೆ ಕೂತು, ಕೋಸಂಬರಿಯ ಬೇಳೆಯನ್ನು ಬೆರಳಲ್ಲಿ ಒಂದೊಂದೇ ಸರಿಸುತ್ತಿದ್ದ. "ನಿನಗೇನನ್ಸುತ್ತಪ್ಪಾ?" ಅಂತ ಅವನನ್ನು ಕೇಳಿದೆ. ಉತ್ತರ ಬಂದಿದ್ದು ಅಪ್ಪನಿಂದ. "ಅವ್ನಿಗೇನ್ ಗೊತ್ತದೆ, ಬುಡು."

ನನಗೆ ಸಿಟ್ಟು ಬಂತು. ಅಲ್ಲಿ ಅನ್ನ ಬೇಯಿಸಿಕೊಂಡು, ರಾತ್ರಿ ಎರಡು ಗಂಟೆ ತನಕ ಅಸೈನ್‌ಮೆಂಟ್ ಮಾಡಬೇಕಾದವನು ಅವನು.

"ಅಲ್ಲಿ ಇಳಿದಾಗ ನಮ್ಮ ಹುಡುಗನಿಗೆ ಯಾರಿರ್ತಾರೆ?" ಅಂತ ಯಾರಾದ್ರೂ ಕೇಳಿದ್ರೆ ಗಂಟೆಗಟ್ಟಲೆ ಹೇಳ್ತೀನಿ. ಆಗಸ್ಟ್‌ನಲ್ಲಿ ಊರಿಗೆ ಊರೇ ಹೊಸಬರಿಂದ ತುಂಬಿರುತ್ತೆ. ಏರ್‌ಪೋರ್ಟಿಗೆ ಸೀನಿಯರ್‌ಗಳು ಕಾರು ತರ್ತಾರೆ. ಬಾಡಿಗೆ ಹಂಚಿಕೊಳ್ಳೋಕೆ ರೂಮ್‌ಮೇಟ್ಸ್ ಸಿಗ್ತಾರೆ. ಬ್ಯಾಂಕ್ ಖಾತೆ, ಸಿಮ್ ಕಾರ್ಡ್, ಓರಿಯಂಟೇಶನ್, ಎಲ್ಲಾ ಕಡೆ ಜೊತೆಗೆ ನಾಲ್ಕು ಜನ ಇರ್ತಾರೆ. ಮೇನಲ್ಲಿ ಅದೇ ಸೀನಿಯರ್‌ಗಳು ಇಂಟರ್ನ್‌ಶಿಪ್‌ಗೆ ಅಂತ ಬೇರೆ ಊರಿಗೆ ಹೊರಟಿರ್ತಾರೆ. ಅವರು ಬಿಟ್ಟುಹೋದ ರೂಮು ಅಗ್ಗಕ್ಕೆ ಸಿಗಬಹುದು, ನಿಜ. ಆದ್ರೆ ಸುಮ್ನೆ ಕೂತು ಮಾತಾಡೋಕೆ ಒಬ್ಬರು ಸಿಗೋದು ಕಷ್ಟ. ಮೊದಲ ಸಲ ಮನೆ ಬಿಟ್ಟ ಮಕ್ಕಳಿಗೆ ಅದೇ ತಡೆಯೋಕಾಗಲ್ಲ.

ಇಷ್ಟಾದ ಮೇಲೂ ಕೇಳೋದಿದ್ರೆ ಅಡ್ಮಿಷನ್ ಲೆಟರ್ ತನ್ನಿ, ಓದಿ ಹೇಳ್ತೀನಿ. ಹೋಗೋ ಮಗನನ್ನೋ ಮಗಳನ್ನೋ ಜೊತೆಗೆ ಕರ್ಕೊಂಡು ಬನ್ನಿ. ಮೊದಲು ಮಾತಾಡಿಸೋದು ಅವರನ್ನೇ.