ಬಟನ್ ಗುಲಾಬಿಗೆ ಬೇಕಾದದ್ದು ಯಾವ ಹೊತ್ತಿನ ಬಿಸಿಲು

ಉಡುಪಿ, 16 ಮಾರ್ಚ್ 2025, ಭಾನುವಾರ

ಅಂಗಳದ ಪಶ್ಚಿಮದ ಅಂಚಿನಲ್ಲಿದ್ದ ಬಟನ್ ಗುಲಾಬಿಯ, ಅಂದರೆ ಕಿರುಗುಲಾಬಿಯ, ಕುಂಡಗಳನ್ನೆಲ್ಲ ಈ ದಿನ ಮನೆಯ ಪೂರ್ವದ ಗೋಡೆಯ ಬದಿಗೆ ಸಾಗಿಸಿದೆ. ಸೆಕೆ ಏರತೊಡಗಿದ ಮೇಲೆ ಮುರಕಲ್ಲಿನ ಪಾಗಾರವು ಮಧ್ಯಾಹ್ನದ ಬಿಸಿಲನ್ನೆಲ್ಲ ಹೀರಿಕೊಂಡು, ಹೊತ್ತು ಮುಳುಗಿದ ಎಷ್ಟೋ ಹೊತ್ತಿನವರೆಗೂ ಕಾವು ಬಿಡುತ್ತಿರುತ್ತದೆ. ನೆಲದಲ್ಲಿ ಬೇರಿಳಿಸಿದ ದೊಡ್ಡ ಗುಲಾಬಿಗಳು ಅದನ್ನು ತಾಳಿಕೊಳ್ಳಬಹುದು. ಆದರೆ ಅಂಗೈಯಗಲದ ಮಣ್ಣಿನಲ್ಲಿ ಬದುಕುವ ಈ ಗಿಡಗಳ ಬೇರಿಗೆ, ಅದರಲ್ಲೂ ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿರುವವುಗಳಿಗೆ, ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ಗಿಡ ಚಿಕ್ಕದೆಂಬ ಕಾರಣಕ್ಕೆ ಇದನ್ನು ಒಳಾಂಗಣದ ಗಿಡವೆಂದು ಭಾವಿಸಿ ಚಾವಡಿಯ ಮೂಲೆಯಲ್ಲಿಡುವವರು ನಮ್ಮಲ್ಲಿ ಬಹಳ ಮಂದಿ. ಚೀನಾದ ಗುಲಾಬಿಗಳ ವಂಶಕ್ಕೆ ಸೇರಿದ, ಇಂದಿನ ಅನೇಕ ಕಿರುಗುಲಾಬಿಗಳಿಗೆ ಮೂಲವಾದ ‘ರೂಲೆಟಿ’ ತಳಿಯು ಕಳೆದ ಶತಮಾನದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಹಳ್ಳಿಯೊಂದರ ಕಿಟಕಿಗಳಲ್ಲಿ ಬೆಳೆಯುತ್ತಿತ್ತೆಂಬುದು ನಿಜ. ಆದರೆ ಕಿಟಕಿಯ ಬೆಳಕಿಗೂ ಕತ್ತಲೆಯ ಮೂಲೆಗೂ ಬಹಳ ಅಂತರವಿದೆ. ಚೆನ್ನಾಗಿ ಹೂ ಬಿಡಬೇಕಾದರೆ ಕಿರುಗುಲಾಬಿಗೂ ದಿನಕ್ಕೆ ಸುಮಾರು 6 ಗಂಟೆಯ ನೇರ ಬಿಸಿಲು ಬೇಕು. ಬಿಸಿಲು ಸಾಲದ ಗಿಡವನ್ನು ಗುರುತಿಸುವುದು ಕಷ್ಟವಲ್ಲ: ಎಲೆಯಿಂದ ಎಲೆಗೆ ಅಂತರ ಹೆಚ್ಚಿ ಚಿಗುರು ಸಪೂರವಾಗಿ ಬೆಳಕಿನ ಕಡೆಗೆ ವಾಲುತ್ತದೆ, ಮೊಗ್ಗು ಅಪರೂಪವಾಗುತ್ತದೆ.

ನನ್ನ ಮಟ್ಟಿಗೆ, ಕರಾವಳಿಯಲ್ಲಿ ಎಷ್ಟು ಗಂಟೆ ಎಂಬುದಕ್ಕಿಂತ ಯಾವ ಹೊತ್ತು ಎಂಬುದೇ ಮುಖ್ಯ. ಇಲ್ಲಿಯ ಗಾಳಿಯಲ್ಲಿ ಪಸೆ ಯಾವಾಗಲೂ ಇರುವುದರಿಂದ ಇರುಳಿನ ಇಬ್ಬನಿ ಎಲೆಯ ಮೇಲೆ ಬೇಗ ಆರುವುದಿಲ್ಲ. ಇಂದು ಬೆಳಿಗ್ಗೆ ಗಮನಿಸುತ್ತಿದ್ದಾಗ, ಬಿಸಿಲು ತಾಗಿದ ಕುಂಡದಲ್ಲಿ ಎಲೆಗಳ ಗರಗಸದಂಥ ಅಂಚಿನ ಹನಿಗಳು ಆಗಲೇ ಆರಿಹೋಗಿದ್ದವು. ಪಾಗಾರದ ನೆರಳಿನಲ್ಲಿದ್ದ ಕುಂಡದಲ್ಲಿ ಅವು ಎಲೆಯ ನಡುನರದವರೆಗೂ ಹರಡಿ ಕುಳಿತಿದ್ದವು. ಕಪ್ಪುಚುಕ್ಕೆ ರೋಗದ ಶಿಲೀಂಧ್ರ ಮೊಳೆಯಬೇಕಾದರೆ ಎಲೆಯು ಗಂಟೆಗಟ್ಟಲೆ ಒದ್ದೆಯಾಗಿರಬೇಕು. ಬೆಳಗಿನ ಎಳೆಬಿಸಿಲು ಆ ಅವಕಾಶವನ್ನೇ ಕಿತ್ತುಕೊಳ್ಳುವುದರಿಂದ, ಎಷ್ಟೋ ಸಲ ಔಷಧಿ ಸಿಂಪಡಿಸುವ ಅಗತ್ಯವೇ ಬೀಳುವುದಿಲ್ಲ. ಮಧ್ಯಾಹ್ನ ಕಳೆದ ಮೇಲಿನ ಬಿಸಿಲಿನಿಂದ ಇಂಥ ಉಪಕಾರವಿಲ್ಲ; ಅದು ಎಸಳಿನ ಅಂಚನ್ನು ಕಂದಿಸಿ, ಗಾಢ ಬಣ್ಣದ ಹೂವನ್ನು ಒಂದೇ ದಿನದಲ್ಲಿ ಮಂಕಾಗಿಸುತ್ತದೆ.

ನೆರಳೆಂದರೂ ಎಲ್ಲವೂ ಒಂದೇ ಅಲ್ಲ. ತೆಂಗಿನ ಗರಿಗಳ ನಡುವೆ ಜರಡಿ ಹಿಡಿದಂತೆ ಇಳಿಯುವ ಬೆಳಕನ್ನು ಕಿರುಗುಲಾಬಿ ಸಂತೋಷದಿಂದ ಸ್ವೀಕರಿಸುತ್ತದೆ, ಹಲಸಿನ ಮರದ ದಟ್ಟ ನೆರಳನ್ನು ಸಹಿಸುವುದಿಲ್ಲ. ಹಸಿರು ಬಲೆ ಕಟ್ಟುವವರಿಗೆ ನನ್ನ ಸಲಹೆ ಇಷ್ಟೇ: ಅಂಗಡಿಯಲ್ಲಿ ಶೇಕಡಾ 75 ನೆರಳಿನ ಬಲೆ ಕೊಟ್ಟರೆ ತರಬೇಡಿ, ಹೂವಿನ ಗಿಡಕ್ಕೆ ಅದು ವಿಪರೀತವಾಯಿತು, ಶೇಕಡಾ 35ರದ್ದು ಸಾಕು, ಅದೂ ಪಶ್ಚಿಮದ ಬದಿಗೆ ಮಾತ್ರ. ಕೆಲವು ಮಡಲುಗಳನ್ನು ಅಡ್ಡ ಕಟ್ಟಿದರೂ ನಡೆಯುತ್ತದೆ.

ಇನ್ನೊಂದು ಸಂಗತಿಯನ್ನು ಗಿಡ ಬೆಳೆಸುವವರು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಉಡುಪಿಯು 13 ಡಿಗ್ರಿ ಉತ್ತರ ಅಕ್ಷಾಂಶದ ಸಮೀಪದಲ್ಲಿರುವುದರಿಂದ, ಏಪ್ರಿಲ್ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿಯುತ್ತಾನೆ. ಮರಳಿ ದಕ್ಷಿಣಕ್ಕೆ ಬರುವುದು ಆಗಸ್ಟ್ ಮೂರನೆಯ ವಾರದಲ್ಲಿ. ಡಿಸೆಂಬರಿನಲ್ಲಿ ಇಡೀ ದಿನ ತಂಪಾಗಿದ್ದ ಮನೆಯ ಉತ್ತರದ ಬದಿಗೆ ಮೇ ತಿಂಗಳಿನಲ್ಲಿ ಬಿಸಿಲು ಬೀಳುವುದು ಹೀಗೆ. ಚಳಿಗಾಲದ ನೆರಳನ್ನು ನಂಬಿ ಅಲ್ಲಿ ಕುಂಡಗಳ ಸಾಲು ಮಾಡಿದರೆ ಬೇಸಗೆಯಲ್ಲಿ ಗಿಡ ಬಾಡುತ್ತದೆ.

ಜೂನ್ ಬಂದರೆ ಲೆಕ್ಕ ಪೂರ್ತಿ ಬದಲಾಗುತ್ತದೆ; ಆಗ ಬಿಸಿಲೇ ದುರ್ಲಭವಾಗಿ, ಇದ್ದಷ್ಟು ಬೆಳಕನ್ನೂ ಬಿಟ್ಟುಕೊಡುವಂತಿಲ್ಲ. ಮಾಡಿನ ನೀರು ಬೀಳದ, ಆದರೆ ಆಕಾಶ ತೆರೆದು ಕಾಣುವ ಜಾಗಕ್ಕೆ ಕುಂಡಗಳು ಹೋಗಬೇಕು. ಪೂರ್ವದ ಬದಿಯಲ್ಲಿ ಪಾರದರ್ಶಕ ಶೀಟಿನ ಚಿಕ್ಕ ಇಳಿಮಾಡು ಹಾಕಿಸುವ ಬಗ್ಗೆ ಬಡಗಿಯವರೊಡನೆ ಮಾತನಾಡಿದ್ದೇನೆ. ಮಳೆಗೆ ಮೊದಲೇ ಮುಗಿಸಿಕೊಡುತ್ತೇನೆ ಎಂದಿದ್ದಾರೆ.