ರಾಮ ಪಟ್ಟಾಭಿಷೇಕದ ಒಂದಾಣೆ

ಒಂದು ಕಡೆ ಶ್ರೀರಾಮ ಪಟ್ಟಾಭಿಷೇಕ. ರಾಮ, ಸೀತೆ ಕೂತಿದ್ದಾರೆ, ಹಿಂದೆ ಕೊಡೆ ಹಿಡಿದ ತಮ್ಮಂದಿರು, ಕಾಲ ಬಳಿ ಕೈ ಮುಗಿದ ಹನುಮಂತ. ತಿರುಗಿಸಿದರೆ ಇಂಗ್ಲಿಷ್ ಅಕ್ಷರದಲ್ಲಿ ‘ಈಸ್ಟ್ ಇಂಡಿಯಾ ಕಂಪನಿ’, ನಡುವೆ ‘ಯುಕೆಎಲ್ ಒನ್ ಆಣಾ’, ಕೆಳಗೆ 1818. ಮಂಡ್ಯದಲ್ಲಿ ನಮ್ಮ ಚಿಕ್ಕಮ್ಮ ಮನೆಗೆ ಸುಣ್ಣಬಣ್ಣ ಮಾಡಿಸೋಕೆ ಅಂತ ಅಟ್ಟ ಖಾಲಿ ಮಾಡಿಸಿದಾಗ, ಅವರ ಅತ್ತೆಯ ಕಾಲದ ಟ್ರಂಕಿನ ತಳದಲ್ಲಿ ಅರಿಶಿನ ಬಟ್ಟೆಯ ಒಂದು ಗಂಟು ಸಿಕ್ಕಿತು. ಈ ಬಿಲ್ಲೆ ಅದರೊಳಗಿತ್ತು. ಜೊತೆಗೆ ಒಂದೆರಡು ತೂತಿನ ಕಾಸು, ತಾವರೆ ಹೂವಿನ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆ, ಕಪ್ಪಿಟ್ಟುಹೋದ ಒಂದು ತಾಮ್ರದ ಕಾಸು.

ಚಿಕ್ಕಮ್ಮನ ಮಗ ಅದರ ಫೋಟೊ ತೆಗೆದು ಹಳೆ ನಾಣ್ಯ ಕೊಳ್ಳುವವರು ಅಂತ ಹೇಳಿಕೊಂಡಿದ್ದ ಯಾರಿಗೋ ವಾಟ್ಸಾಪ್ ಮಾಡಿದ್ದ. ಸಂಜೆಯೊಳಗೆ ಫೋನ್ ಬಂತು. ಎಂಟು ಲಕ್ಷ ಕೊಡ್ತಾರಂತೆ. ಆದರೆ ಮೊದಲು ‘ರಿಜಿಸ್ಟ್ರೇಷನ್’ಗೆ ಎರಡೂವರೆ ಸಾವಿರ ಕಳಿಸಬೇಕಂತೆ. ಬಿಲ್ಲೆಯ ಮುಂದೆ ಅಕ್ಕಿ ಕಾಳು ಇಟ್ಟು, ಅದು ಅಕ್ಕಿ ಎಳೆಯುತ್ತಾ ಅಂತ ವಿಡಿಯೊ ಮಾಡಿ ಕಳಿಸಿದರೆ ಬೆಲೆ ಇನ್ನೂ ಜಾಸ್ತಿಯಂತೆ.

‘ಅಣ್ಣ, ದುಡ್ಡು ಕಳಿಸ್ಲಾ?’ ಅಂತ ಮೈಸೂರಿಗೆ ಫೋನ್ ಮಾಡಿದ. ‘ನಾನು ಬರೋವರೆಗೂ ಒಂದು ರೂಪಾಯಿನೂ ಕಳಿಸಬೇಡ’ ಅಂದೆ. ಹಳೆ ನಾಣ್ಯ ಅಂದ್ರೆ ನನಗೆ ಚಿಕ್ಕಂದಿನಿಂದಲೂ ಜೀವ. ಭಾನುವಾರ ಬೆಳಿಗ್ಗೆ ಭೂತಗನ್ನಡಿ ಜೇಬಿಗೆ ಹಾಕಿಕೊಂಡು ಹೊರಟೆ.

ಇಂಥ ಬಿಲ್ಲೆ ನೋಡಿದ ಕೂಡಲೇ ಕೆಲವರು, ಬ್ರಿಟಿಷರು ನಮ್ಮ ದೇವರನ್ನ ಯಾಕೆ ಹಾಕ್ತಾರೆ, ಇದು ಸುಳ್ಳು ಅಂತ ತಳ್ಳಿಹಾಕಿಬಿಡುತ್ತಾರೆ. ಆ ಕಾರಣ ಸರಿಯಿಲ್ಲ. ಮದ್ರಾಸಿನಲ್ಲಿ ಕಂಪನಿಯವರೇ ದೇವರಿರುವ ವರಹ, ಅಂದ್ರೆ ಚಿನ್ನದ ನಾಣ್ಯ, ಹೊಡೆಸಿದ್ದರು. ಒಂದು ಬಗೆಯಲ್ಲಿ ವಿಷ್ಣು ಇಬ್ಬರು ದೇವಿಯರ ನಡುವೆ ನಿಂತಿದ್ದಾನೆ. 1808ರ ಸುಮಾರಿಗೆ ಬಂದದ್ದರಲ್ಲಿ ಒಂದು ಕಡೆ ದೇವಸ್ಥಾನದ ಗೋಪುರವೇ ಇದೆ. ಜನ ನಂಬಿ ಇಸ್ಕೊಳ್ಳಬೇಕು ಅಂದ್ರೆ ಅವರಿಗೆ ಗೊತ್ತಿರುವ ದೇವರೇ ಇರಬೇಕು ಅನ್ನೋದು ವ್ಯಾಪಾರಕ್ಕೆ ಬಂದವರಿಗೆ ಚೆನ್ನಾಗಿ ತಿಳಿದಿತ್ತು. ನಮ್ಮಲ್ಲಿ ಹೈದರಾಲಿಯ ವರಹದ ಮೇಲೂ ಶಿವ ಪಾರ್ವತಿಯರಿದ್ದಾರೆ ಅಲ್ವಾ?

ಹಾಗಾಗಿ ನಾನು ರಾಮನನ್ನು ಬಿಟ್ಟು ಹಿಂಭಾಗ ನೋಡಿದೆ. ಸಿಕ್ಕಿಬೀಳುವುದು ಅಲ್ಲೇ.

1818ರಲ್ಲಿ ಕಂಪನಿಗೆ ಇಡೀ ದೇಶಕ್ಕೆ ಒಂದೇ ನಾಣ್ಯ ಅಂತ ಇರಲಿಲ್ಲ. ಬಂಗಾಳ, ಬೊಂಬಾಯಿ, ಮದ್ರಾಸು ಮೂರೂ ಕಡೆ ಬೇರೆ ಬೇರೆ ನಡೆಯುತ್ತಿತ್ತು. ನಮ್ಮ ಮೈಸೂರು ಸೀಮೆಯಲ್ಲಂತೂ ಮುಮ್ಮಡಿ ಕೃಷ್ಣರಾಜ ಒಡೆಯರು ದೊರೆಗಳು. ಸಂಸ್ಥಾನ 1843ರವರೆಗೂ ತನ್ನದೇ ತಾಮ್ರದ ಕಾಸು ಹೊಡೆಸುತ್ತಿತ್ತು. ಆನೆ, ಆಮೇಲೆ ಸಿಂಹ, ಜೊತೆಗೆ ಕನ್ನಡದಲ್ಲೇ ‘ಮಯಿಲಿ ಕಾಸು’ ಅಂತ ಬರಹ. ಕಂಪನಿ ಎಲ್ಲ ಕಡೆಗೂ ಒಂದೇ ನಾಣ್ಯ ತಂದದ್ದು 1835ರಲ್ಲಿ. ಆಗ ತಾಮ್ರದಲ್ಲಿ ಅರ್ಧ ಆಣೆ, ಕಾಲಾಣೆ, ಪೈ ಬಂದವು. ಒಂದಾಣೆ ಬರಲೇ ಇಲ್ಲ. ಅಂಚು ಅಲೆಅಲೆಯಾಗಿದ್ದ ಆ ಒಂದಾಣೆ ಎಲ್ಲರ ಕೈಗೆ ಬಂದದ್ದು ಎಡ್ವರ್ಡ್ ದೊರೆಯ ಕಾಲದಲ್ಲಿ, ಅಂದ್ರೆ ಕಂಪನಿ ಮುಚ್ಚಿಹೋಗಿ ಎಷ್ಟೋ ವರ್ಷದ ಮೇಲೆ. ಆ ‘ಯುಕೆಎಲ್’ ಅನ್ನೋ ಮೂರಕ್ಷರವಂತೂ ಕಂಪನಿಯ ಯಾವ ನಾಣ್ಯದಲ್ಲೂ ಇಲ್ಲ.

ಇಷ್ಟು ಹೇಳಿದರೆ ತಮ್ಮನಿಗೆ ಸಮಾಧಾನವಾಗಲಿಲ್ಲ. ಎಂಟು ಲಕ್ಷ ಅಂತ ಕಿವಿಗೆ ಬಿದ್ದ ಮೇಲೆ ಇಸವಿಗಳ ಲೆಕ್ಕ ಯಾರ ತಲೆಗೆ ಹೋಗುತ್ತೆ? ಕೈಗೆ ಸಿಗುವ ಸಾಕ್ಷಿ ಬೇಕಿತ್ತು. ಅದು ಅದೇ ಗಂಟಿನಲ್ಲಿತ್ತು.

ಕಪ್ಪಿಟ್ಟ ಕಾಸನ್ನು ಚಿಕ್ಕಮ್ಮ ಹುಣಸೆಹಣ್ಣು ಹಾಕಿ ಉಜ್ಜಲು ಹೊರಟಿದ್ದರು. ಬೇಡ ಅಂತ ತಡೆದೆ. ಹಳೆ ತಾಮ್ರ ಉಜ್ಜಿದರೆ ಅದರ ಮೈಯೇ ಹೋಗುತ್ತದೆ, ಸಂಗ್ರಹ ಮಾಡುವವರು ಮುಟ್ಟುವುದಿಲ್ಲ. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದೆ. ಎರಡು ಸಿಂಹಗಳು ಬಾವುಟ ಹಿಡಿದಿರುವ ಲಾಂಛನ, 1835. ಹಿಂದೆ ಎಲೆಗಳ ಹಾರದೊಳಗೆ ‘ಕ್ವಾರ್ಟರ್ ಆಣಾ’, ಕೆಳಗೆ ಪರ್ಷಿಯನ್ ಬರಹ. ಇದು ಕಂಪನಿಯ ನಿಜವಾದ ಕಾಲಾಣೆ!

ಎರಡನ್ನೂ ತಮ್ಮನ ಅಂಗೈ ಮೇಲಿಟ್ಟು ಭೂತಗನ್ನಡಿ ಕೊಟ್ಟೆ. ಕಾಲಾಣೆ ಸವೆದಿದ್ದರೂ ಅಕ್ಷರಗಳ ಅಂಚು ಇನ್ನೂ ಚೂಪಾಗಿತ್ತು, ಮೈ ನುಣುಪು. ಒಂದಾಣೆಯ ಅಕ್ಷರಗಳು ಬಳಸಿದ ಸೋಪಿನ ಮೇಲಿನ ಹೆಸರಿನ ಹಾಗೆ ಕರಗಿದ್ದವು. ಮೈತುಂಬ ಸೂಜಿಮೊನೆಯಷ್ಟು ಗುಳಿ. ಅಂಚಿನ ಸುತ್ತ ಉಗುರಾಡಿಸಿದರೆ ಒಂದು ಸಣ್ಣ ಗೆರೆ ತಡೆಯುತ್ತಿತ್ತು. ಎರಡು ಅಚ್ಚು ಕೂಡಿಸಿ ಕರಗಿದ ಲೋಹ ಹೊಯ್ದ ಗುರುತು ಅದು. ಟಂಕಸಾಲೆಯಲ್ಲಿ ಬಿಲ್ಲೆಯನ್ನು ಎರಡು ಅಚ್ಚಿನ ನಡುವೆ ಇಟ್ಟು ಒತ್ತುತ್ತಾರೆ, ಹೊಯ್ಯುವುದಿಲ್ಲ. ಪೇಟೆ ಬೀದಿಯ ಚಿನ್ನದಂಗಡಿಯಲ್ಲಿ ತೂಕವನ್ನೂ ಹಾಕಿಸಿದೆವು. ಕಾಲಾಣೆ ಹೊಸದರಲ್ಲಿ ನೂರು ಗ್ರೇನ್, ಅಂದ್ರೆ ಸುಮಾರು ಆರೂವರೆ ಗ್ರಾಂ ಇರಬೇಕು. ಸವೆದದ್ದು ಕಳೆದು ನಮ್ಮದು ಆರು ಗ್ರಾಂ ಮೂವತ್ತು ಪಾಯಿಂಟ್ ಬಂತು. ತಮ್ಮ ಆಗ ತಲೆಯಾಡಿಸಿದ.

‘ಹಾಗಾದ್ರೆ ಅತ್ತೆ ಇದನ್ನ ಯಾಕೆ ಗಂಟು ಕಟ್ಟಿಟ್ಟಿದ್ರು?’ ಅಂತ ಚಿಕ್ಕಮ್ಮ ಕೇಳಿದರು. ಅದಕ್ಕೆ ಉತ್ತರ ಸುಲಭ. ರಾಮ ಪಟ್ಟಾಭಿಷೇಕದ ಬಿಲ್ಲೆಗಳಿಗೆ ರಾಮಟಂಕ ಅಂತಲೇ ಹೆಸರು. ದುಡ್ಡಲ್ಲ, ಪೂಜೆಗೆ ಇಟ್ಟುಕೊಳ್ಳುವಂಥದ್ದು. ತೀರ್ಥಯಾತ್ರೆಗೆ ಹೋದವರು ತರುವುದು ಹಿಂದಿನಿಂದಲೂ ಇದೆ. ಅದೇ ಚಿತ್ರಕ್ಕೆ ಕಂಪನಿಯ ಹೆಸರು, ಹಳೆ ಇಸವಿ ಸೇರಿಸಿ ಮಾರುವ ಚಾಳಿ ಆಮೇಲಿನದು. ‘ಕಾಶಿಗೆ ಹೋಗಿದ್ರಲ್ಲ, ಅಲ್ಲಿಂದ ತಂದಿರಬೇಕು’ ಅಂದ ಚಿಕ್ಕಮ್ಮ, ಬಿಲ್ಲೆಯನ್ನು ದೇವರ ಮನೆಯಲ್ಲಿ ಇಟ್ಟರು. ಅದಕ್ಕೆ ಸರಿಯಾದ ಜಾಗ ಅದೇ ಅಂತ ನನಗೂ ಅನ್ನಿಸಿತು. ಮೋಸ ಇರುವುದು ಬಿಲ್ಲೆಯಲ್ಲಲ್ಲ, ಅದನ್ನು ತೋರಿಸಿ ದುಡ್ಡು ಕೀಳುವವರಲ್ಲಿ.

ಯಾವ ಲೋಹವೂ ಅಕ್ಕಿ ಎಳೆಯುವುದಿಲ್ಲ. ಕಾಳಿಗೆ ಕಬ್ಬಿಣದ ಪುಡಿ ಸವರಿ, ಅಯಸ್ಕಾಂತ ಬಚ್ಚಿಟ್ಟು ಮಾಡುವ ಆಟ ಅದು. ತನ್ನ ಹೆಸರು ಹೇಳಿಕೊಂಡು ಹಳೆ ನಾಣ್ಯಕ್ಕೆ ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಅಂತ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಕೂಡ ಎಚ್ಚರಿಸಿತ್ತು. ಇದನ್ನು ಹೇಳುತ್ತಿದ್ದಂತೆ ತಮ್ಮನ ಮುಖ ಸಪ್ಪಗಾಯಿತು. ಆ ನಂಬರ್ ಕೊಟ್ಟವನು ಅವನ ಗೆಳೆಯನೇ. ಅವನ ಹತ್ತಿರವೂ ಇಂಥದ್ದೇ ಒಂದು ಬಿಲ್ಲೆ ಇತ್ತು. ಅಲ್ಲೇ ಫೋನ್ ಹಚ್ಚಿದೆವು. ಅವನು ಶುಕ್ರವಾರವೇ ದುಡ್ಡು ಕಳಿಸಿಬಿಟ್ಟಿದ್ದ, ಇನ್ನೂ ಐದು ಸಾವಿರ ಕೇಳುತ್ತಿದ್ದರಂತೆ. ಅದನ್ನು ನಿಲ್ಲಿಸಿ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿಸಿದೆವು.